ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯ, ಭಾರತ ಸರ್ಕಾರ

ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯದಡಿ ಮೂರು ಇಲಾಖೆಗಳಿವೆ. ಡಿಎಸ್‌ಟಿ ಎಂದೇ ಹೆಸರಾದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಅವುಗಳಲ್ಲಿ ಹಿರಿಯದು; ಉಳಿದೆರಡು ಜೈವಿಕ ತಂತ್ರಜ್ಞಾನ ಇಲಾಖೆ ಹಾಗೂ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ. ದೇಶದ ವಿಜ್ಞಾನ ನೀತಿಯನ್ನು ರೂಪಿಸುವುದು, ಬೇರೆ ಬೇರೆ ಇಲಾಖೆಗಳಿಗೆ ಸೇರಿದ ವೈಜ್ಞಾನಿಕ ಕೆಲಸಗಳ ನಡುವೆ ಹೊಂದಾಣಿಕೆ ತರುವುದು, ವಿಶ್ವವಿದ್ಯಾಲಯಗಳಿಗೂ ಪ್ರಯೋಗಾಲಯಗಳಿಗೂ ಸಂಶೋಧನಾ ಅನುದಾನ ಕೊಡುವುದು, ಸ್ವಾಯತ್ತ ಸಂಸ್ಥೆಗಳನ್ನು ಪೋಷಿಸುವುದು, ಹೊರದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಸಚಿವಾಲಯದ ಹೊಣೆ. ಯಾವ ವಿಷಯ ಯಾರ ಪಾಲಿಗೆ ಎಂಬುದನ್ನು 1961ರ ಕಾರ್ಯಹಂಚಿಕೆ ನಿಯಮಗಳು ಗೊತ್ತುಪಡಿಸುತ್ತವೆ.

ಹೆಸರು ಕೇಳಿದರೆ ದೇಶದ ವಿಜ್ಞಾನವೆಲ್ಲ ಇದರ ಅಂಕೆಯಲ್ಲಿದೆ ಅನ್ನಿಸುತ್ತದೆ. ಹಾಗಿಲ್ಲ. ಇಸ್ರೋವನ್ನು ನಡೆಸುವ ಬಾಹ್ಯಾಕಾಶ ಇಲಾಖೆಯೂ ಪರಮಾಣು ಶಕ್ತಿ ಇಲಾಖೆಯೂ ನೇರವಾಗಿ ಪ್ರಧಾನಿಯವರ ಅಧೀನದಲ್ಲಿವೆ. ಡಿಆರ್‌ಡಿಓ ರಕ್ಷಣಾ ಸಚಿವಾಲಯದ್ದು. ಬೇಸಾಯದ ಸಂಶೋಧನೆ ಕೃಷಿ ಸಚಿವಾಲಯಕ್ಕೆ, ವೈದ್ಯಕೀಯ ಸಂಶೋಧನೆ ಆರೋಗ್ಯ ಸಚಿವಾಲಯಕ್ಕೆ, ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಶಿಕ್ಷಣ ಸಚಿವಾಲಯಕ್ಕೆ ಸೇರಿವೆ. ಸಂಶೋಧನೆಗೆ ಕೇಂದ್ರ ಮಾಡುವ ವೆಚ್ಚದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ರಕ್ಷಣೆ, ಬಾಹ್ಯಾಕಾಶ, ಪರಮಾಣು ಈ ಮೂರು ಕಡೆಗೇ ಹೋಗುತ್ತದೆ. ಆದ್ದರಿಂದ ಚಂದ್ರಯಾನ ಇಳಿದಾಗ ಈ ಸಚಿವಾಲಯವನ್ನು ಹೊಗಳುವವರೂ ರಾಕೆಟ್ ಬಿದ್ದಾಗ ಬೈಯುವವರೂ ವಿಳಾಸ ತಪ್ಪಿರುತ್ತಾರೆ. ಈಚಿನ ವರ್ಷಗಳಲ್ಲಿ ಇದರ ಸಚಿವರೇ ಬಾಹ್ಯಾಕಾಶ ಮತ್ತು ಪರಮಾಣು ಇಲಾಖೆಗಳಿಗೂ ರಾಜ್ಯ ಸಚಿವರಾಗಿರುವುದು ಈ ಗೊಂದಲವನ್ನು ಹೆಚ್ಚಿಸಿದೆ.

ಹೀಗಿದ್ದೂ ಸಾಮಾನ್ಯ ವಿಶ್ವವಿದ್ಯಾಲಯದ ಸಂಶೋಧಕನಿಗೆ ‘ಸರ್ಕಾರ’ ಎಂದರೆ ಈ ಸಚಿವಾಲಯವೇ. ದೊಡ್ಡ ದೊಡ್ಡ ನೀತಿ ಘೋಷಣೆಗಳಿಗಿಂತ ಅನುದಾನದ ಷರತ್ತು, ತಜ್ಞ ಸಮಿತಿಯ ಆಯ್ಕೆ, ಹಣ ಬಿಡುಗಡೆಯ ದಿನಾಂಕ ಇವುಗಳ ಮೂಲಕವೇ ಇದು ದೇಶದ ವಿಜ್ಞಾನದ ದಿಕ್ಕನ್ನು ಹೆಚ್ಚು ತಿದ್ದಿದೆ.

ಹುಟ್ಟು ಮತ್ತು ಬೆಳವಣಿಗೆ

ಮೂಲವನ್ನು ಹುಡುಕಿದರೆ ಎರಡನೆಯ ಮಹಾಯುದ್ಧದ ಕಾಲಕ್ಕೆ ಹೋಗಬೇಕು. ಸಿಎಸ್‌ಐಆರ್ ಎಂಬ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ 1942ರ ಸೆಪ್ಟೆಂಬರ್ 26ರಂದು ಸ್ಥಾಪನೆಯಾಯಿತು. ಸ್ವಾತಂತ್ರ್ಯ ಬಂದ ಮರುವರ್ಷ ಜವಾಹರಲಾಲ್ ನೆಹರೂ ವೈಜ್ಞಾನಿಕ ಸಂಶೋಧನಾ ಇಲಾಖೆಯನ್ನು ತೆರೆದು ಅದನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಸಿಎಸ್‌ಐಆರ್ ಮುಖ್ಯಸ್ಥರಾಗಿದ್ದ ರಸಾಯನ ವಿಜ್ಞಾನಿ ಶಾಂತಿ ಸ್ವರೂಪ್ ಭಟ್ನಾಗರ್ ಅದರ ಕಾರ್ಯದರ್ಶಿಯಾದರು. ಮುಂದೆ ಈ ಖಾತೆ ಕೆಲಕಾಲ ನೈಸರ್ಗಿಕ ಸಂಪನ್ಮೂಲದೊಡನೆ, ಕೆಲಕಾಲ ಶಿಕ್ಷಣದೊಡನೆ, ಇನ್ನು ಕೆಲಕಾಲ ಸಂಸ್ಕೃತಿಯೊಡನೆ ಬಿಡಾರ ಹೂಡಿತು. ಸ್ವಂತ ಮನೆ ಸಿಕ್ಕಿದ್ದು ತಡವಾಗಿ.

1971ರ ಮೇ ತಿಂಗಳಲ್ಲಿ ಡಿಎಸ್‌ಟಿ ಹುಟ್ಟಿತು. ಅದೇ ವರ್ಷ ಸಿ. ಸುಬ್ರಮಣಿಯಂ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಮಿತಿ ನೇಮಕವಾಯಿತು. ಪಂಚವಾರ್ಷಿಕ ಯೋಜನೆಗೆ ಜೋಡಿಯಾಗಿ ವಿಜ್ಞಾನಕ್ಕೂ ಒಂದು ಯೋಜನೆ ಬೇಕೆಂಬುದು ಆ ಸಮಿತಿಯ ಹಂಬಲ. ಅದು ಸಿದ್ಧಪಡಿಸಿದ ಯೋಜನೆ 1974ರಿಂದ 1979ರ ಅವಧಿಯದು. 1970ರ ದಶಕದ ಕೊನೆಗೆ ಇಲಾಖೆಯ ಕಾರ್ಯದರ್ಶಿಯಾದ ಭೌತವಿಜ್ಞಾನಿ ಎಂ.ಜಿ.ಕೆ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ. 1980ರ ದಶಕದಲ್ಲಿ ಮರಿಗಳು ಒಂದೊಂದಾಗಿ ಹೊರಬಿದ್ದವು: 1982ರಲ್ಲಿ ಜೈವಿಕ ತಂತ್ರಜ್ಞಾನ ಮಂಡಳಿ, 1985ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ ಹಾಗೂ ಈಗಿನ ರೂಪದ ಸಚಿವಾಲಯ, 1986ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ. ಡಿಎಸ್‌ಟಿ ಅಡಿಯಲ್ಲಿದ್ದ ಹವಾಮಾನ ಇಲಾಖೆ 2006ರಲ್ಲಿ ಹೊಸದಾಗಿ ರಚನೆಯಾದ ಭೂವಿಜ್ಞಾನ ಸಚಿವಾಲಯಕ್ಕೆ ಹೋಯಿತು. ಭಾರತೀಯ ಸರ್ವೇಕ್ಷಣಾ ಇಲಾಖೆ ಮಾತ್ರ ಇಲ್ಲೇ ಉಳಿದಿದೆ. 1767ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿದ ಈ ಅಂಗಸಂಸ್ಥೆ ತನ್ನ ಮಾತೃ ಇಲಾಖೆಗಿಂತ ಎರಡು ಶತಮಾನ ಹಿರಿಯದು. ದೇಶದೊಳಗಿನ ಸಂಸ್ಥೆಗಳು ನಕಾಶೆ ಮಾಡಲು ಮುಂಗಡ ಅನುಮತಿ ಕೇಳಬೇಕಾಗಿಲ್ಲ ಎಂದು ಡಿಎಸ್‌ಟಿ ಮಾರ್ಗಸೂಚಿ ಹೊರಡಿಸಿದ್ದು 2021ರ ಫೆಬ್ರುವರಿಯಲ್ಲಿ.

ಆಡಳಿತದ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಕೇಂದ್ರದ ಬಹುತೇಕ ಸಚಿವಾಲಯಗಳಲ್ಲಿ ಕಾರ್ಯದರ್ಶಿ ಐಎಎಸ್ ಅಧಿಕಾರಿ. ಇಲ್ಲಿ ವಾಡಿಕೆಯಾಗಿ ವಿಜ್ಞಾನಿ. ಸಿಎಸ್‌ಐಆರ್ ಮಹಾನಿರ್ದೇಶಕರೇ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ ಕಾರ್ಯದರ್ಶಿಯೂ ಆಗಿರುತ್ತಾರೆ. ಮಂಡಳಿಗೆ ಪ್ರಧಾನಿಯೇ ಅಧ್ಯಕ್ಷರು. ಭಟ್ನಾಗರ್ ಕಾಲದ ಈ ಪದ್ಧತಿಯಿಂದ ಪ್ರಯೋಗಾಲಯದ ಕಷ್ಟಸುಖ ಬಲ್ಲವರು ಕಡತದ ಮುಂದೆ ಕೂರುವಂತಾಯಿತು. ಕೊಡುವವರೂ ಪಡೆಯುವವರೂ ಒಂದೇ ಬಳಗದವರಾದರು ಎಂಬ ಟೀಕೆಯೂ ಹಳೆಯದೇ, ಅದರಲ್ಲಿ ಹುರುಳೂ ಇದೆ. ಹಣಕಾಸಿನ ಬೀಗದ ಕೈ ಮಾತ್ರ ಎಂದೂ ವಿಜ್ಞಾನಿಯ ಕೈಗೆ ಪೂರ್ತಿಯಾಗಿ ಬಂದಿಲ್ಲ. ದೊಡ್ಡ ಯೋಜನೆಯಾದರೆ ವೆಚ್ಚ ಹಣಕಾಸು ಸಮಿತಿಯನ್ನು ದಾಟಿ, ಸಂಪುಟದ ಒಪ್ಪಿಗೆ ಪಡೆದೇ ಬರಬೇಕು.

ನೀತಿ ದಾಖಲೆಗಳು

ಸ್ವತಂತ್ರ ಭಾರತದ ಮೊದಲ ವಿಜ್ಞಾನ ನೀತಿ ನಿರ್ಣಯ 1958ರ ಮಾರ್ಚ್ 4ರದು. ನೆಹರೂ ಆಸಕ್ತಿಯಿಂದ ಮೂಡಿದ ಅದು ಗಾತ್ರದಲ್ಲಿ ಕಿರಿದು, ಧಾಟಿಯಲ್ಲಿ ಉದಾತ್ತ; ವಿಜ್ಞಾನವನ್ನು ಎಲ್ಲ ಬಗೆಯಲ್ಲೂ ಬೆಳೆಸುವ, ವಿಜ್ಞಾನಿಗೆ ಗೌರವದ ಬಾಳು ಕೊಡುವ ಸಂಕಲ್ಪ ಅದರದು. ಅದರಲ್ಲಿ ಲೆಕ್ಕವಿಲ್ಲ, ಗಡುವಿಲ್ಲ. 1983ರ ತಂತ್ರಜ್ಞಾನ ನೀತಿ ಹೇಳಿಕೆಯ ಜೀವಾಳ ಸ್ವಾವಲಂಬನೆ: ಹೊರಗಿಂದ ತಂದ ತಂತ್ರಜ್ಞಾನವನ್ನು ಅರಗಿಸಿಕೊಳ್ಳಬೇಕು, ನಮ್ಮದನ್ನು ಕಟ್ಟಬೇಕು.

ಆ ಮಾತಿಗೆ ಬಹುಬೇಗ ಪರೀಕ್ಷೆ ಎದುರಾಯಿತು. ಹವಾಮಾನ ಮುನ್ಸೂಚನೆಗೆಂದು ಭಾರತ ಅಮೆರಿಕದಿಂದ ಕ್ರೇ ಸೂಪರ್‌ಕಂಪ್ಯೂಟರ್ ಕೊಳ್ಳಲು ಹೊರಟಿತು. ಕೇಳಿದ ಮಾದರಿ ಸಿಗಲಿಲ್ಲ. ಅದಕ್ಕಿಂತ ಕೆಳಗಿನದನ್ನು, ಅದೂ ಬಳಕೆಗೆ ಕಟ್ಟುಪಾಡು ಹಾಕಿ ಕೊಟ್ಟರು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ 1986ರಲ್ಲೇ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಕಟ್ಟಿತ್ತು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಗಣಕ ಸಂಶೋಧನಾ ಕೇಂದ್ರ ಸ್ಥಾಪನೆಯಾಗಿ 1991ರಲ್ಲಿ ಪರಮ್ 8000 ಸೂಪರ್‌ಕಂಪ್ಯೂಟರ್ ಹೊರಬಂತು. ಗಮನಿಸಬೇಕಾದ್ದೆಂದರೆ ಸಿ-ಡ್ಯಾಕ್ ಈ ಸಚಿವಾಲಯದ್ದಲ್ಲ, ಅಂದಿನ ಎಲೆಕ್ಟ್ರಾನಿಕ್ಸ್ ಇಲಾಖೆಯದು. ನೀತಿ ಒಬ್ಬರದಾದರೆ ಕೈಂಕರ್ಯ ಇನ್ನೊಬ್ಬರದು, ಇದು ಭಾರತದ ವಿಜ್ಞಾನಾಡಳಿತದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. 2015ರಲ್ಲಿ ಮಂಜೂರಾದ 4,500 ಕೋಟಿ ರೂ.ಗಳ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನಲ್ಲಿ ಎರಡೂ ಕಡೆಯವರು ಕೈಜೋಡಿಸಿದರು. ಅದರ ಫಲವಾದ ಪರಮ್ ಪ್ರವೇಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

2003ರ ವಿಜ್ಞಾನ ಮತ್ತು ತಂತ್ರಜ್ಞಾನ ನೀತಿ ಮೊದಲ ಬಾರಿಗೆ ಒಂದು ಅಂಕಿಗೆ ತನ್ನನ್ನು ಕಟ್ಟಿಹಾಕಿಕೊಂಡಿತು: ಹತ್ತನೆಯ ಯೋಜನೆ ಮುಗಿಯುವುದರೊಳಗೆ, ಅಂದರೆ 2007ಕ್ಕೆ, ಸಂಶೋಧನಾ ವೆಚ್ಚ ಜಿಡಿಪಿಯ ಶೇ. 2 ಮುಟ್ಟಬೇಕು. ಮುಟ್ಟಲಿಲ್ಲ. 2013ರ ಜನವರಿಯಲ್ಲಿ ಕೋಲ್ಕತ್ತದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಬಿಡುಗಡೆಯಾದ ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯ ನೀತಿ ಅದೇ ಶೇ. 2ನ್ನು ಮತ್ತೆ ಬರೆಯಿತು. ಖಾಸಗಿಯವರು ಸರ್ಕಾರಕ್ಕೆ ಸರಿಸಮನಾಗಿ ಹಣ ಹಾಕಬೇಕೆಂದು ಆಶಿಸಿತು. ಐದನೆಯ ನೀತಿಯ ಕರಡು 2020ರ ಡಿಸೆಂಬರ್ ಕೊನೆಯಲ್ಲಿ ಸಾರ್ವಜನಿಕರ ಮುಂದೆ ಬಂತು. ಸಂಶೋಧನಾ ಪತ್ರಿಕೆಗಳಿಗೆ ಇಡೀ ದೇಶಕ್ಕೆ ಒಂದೇ ಚಂದಾ, ದತ್ತಾಂಶ ಎಲ್ಲರಿಗೂ ಮುಕ್ತ, ಮಹಿಳೆಯರಿಗೆ ಹೆಚ್ಚು ಸ್ಥಾನ ಎಂಬ ಅಂಶಗಳು ಅದರಲ್ಲಿದ್ದವು.

ನೀತಿಯ ವಿಷಯದಲ್ಲೂ ಸಚಿವಾಲಯ ಒಂಟಿ ಧಣಿಯಲ್ಲ. ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 1999ರಲ್ಲಿ ಆರಂಭವಾಯಿತು. ಎ.ಪಿ.ಜೆ. ಅಬ್ದುಲ್ ಕಲಾಂ ಮೊದಲಿಗರು, ಅನಂತರ ಆರ್. ಚಿದಂಬರಂ ದೀರ್ಘಕಾಲ ಇದ್ದರು. ಅವರ ಬಳಿಕ ಬಂದ ಕೆ. ವಿಜಯರಾಘವನ್, ಅಜಯ್ ಕುಮಾರ್ ಸೂದ್ ಇಬ್ಬರೂ ಬೆಂಗಳೂರಿನ ಸಂಸ್ಥೆಗಳಿಂದ ಹೋದವರು. ಪ್ರಧಾನಿಯವರ ವೈಜ್ಞಾನಿಕ ಸಲಹಾ ಮಂಡಳಿಗೆ ಸಿ.ಎನ್.ಆರ್. ರಾವ್ ಎರಡು ಬೇರೆ ಬೇರೆ ಕಾಲಗಳಲ್ಲಿ, ರಾಜೀವ್ ಗಾಂಧಿ ಮತ್ತು ಮನಮೋಹನ್ ಸಿಂಗ್ ಪ್ರಧಾನಿಗಳಾಗಿದ್ದಾಗ, ಅಧ್ಯಕ್ಷರಾಗಿದ್ದರು. ಸಲಹೆ ಅಲ್ಲಿ, ಅನುದಾನ ಇಲ್ಲಿ. ಇವೆರಡರ ನಡುವಿನ ಬಾಂಧವ್ಯ ಬಹುಮಟ್ಟಿಗೆ ವ್ಯಕ್ತಿಗಳನ್ನೇ ಅವಲಂಬಿಸಿದೆ.

ಅನುದಾನದ ದಾರಿ

ನೀತಿ ಕಾಗದದಿಂದ ಪ್ರಯೋಗಾಲಯಕ್ಕೆ ಇಳಿಯುವುದು ಅನುದಾನದ ರೂಪದಲ್ಲಿ. ರಾಜ್ಯದ ಯಾವುದೋ ವಿಶ್ವವಿದ್ಯಾಲಯದ ರಸಾಯನ ವಿಭಾಗದ ಅಧ್ಯಾಪಕಿಯೊಬ್ಬರು ಮೂರು ವರ್ಷದ ಯೋಜನೆಯೊಂದಕ್ಕೆ ಅರ್ಜಿ ಹಾಕಿದರು ಎಂದುಕೊಳ್ಳೋಣ. ಪ್ರಸ್ತಾವ ಆನ್‌ಲೈನ್‌ನಲ್ಲೇ ಹೋಗಬೇಕು. ಆ ವಿಷಯ ಬಲ್ಲ ಕೆಲವರು ಅದನ್ನು ಓದಿ ಅಭಿಪ್ರಾಯ ಬರೆಯುತ್ತಾರೆ, ಬಳಿಕ ತಜ್ಞರ ಸಮಿತಿ ಕೂತು ಆರಿಸುತ್ತದೆ. ಒಪ್ಪಿಗೆಯಾದರೆ ಮಂಜೂರಾತಿ ಆದೇಶ ಬರುತ್ತದೆ. ಅದರಲ್ಲಿ ಉಪಕರಣಕ್ಕೆ ಇಷ್ಟು, ರಾಸಾಯನಿಕ ಮತ್ತು ಗಾಜಿನ ಸಾಮಾನಿಗೆ ಇಷ್ಟು, ಸಿಬ್ಬಂದಿಗೆ ಇಷ್ಟು, ಪ್ರಯಾಣಕ್ಕೆ ಇಷ್ಟು, ವಿಶ್ವವಿದ್ಯಾಲಯದ ಮೇಲುಖರ್ಚಿಗೆ ಇಷ್ಟು ಎಂದು ಬಾಬ್ತುವಾರು ಹಂಚಿಕೆ. ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ಬಳಸಬೇಕಾದರೆ ನಿಯಮ ನೋಡಬೇಕು, ಅನುಮತಿಯನ್ನೂ ಕೇಳಬೇಕಾಗಬಹುದು.

ಹಣ ಇಡಿಯಾಗಿ ಬರುವುದಿಲ್ಲ, ಕಂತುಕಂತಾಗಿ ಬರುತ್ತದೆ. ಮುಂದಿನ ಕಂತು ಬೇಕಾದರೆ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಹಣ ಬಳಕೆ ಪ್ರಮಾಣಪತ್ರ ಕಳಿಸಬೇಕು. ವಿಭಾಗಗಳ ಆಡುಮಾತಿನಲ್ಲಿ ಇದು ಬರೀ ‘ಯುಸಿ’. ಅದಕ್ಕೆ ಸಂಶೋಧಕರದಷ್ಟೇ ಅಲ್ಲ, ಹಣಕಾಸು ಅಧಿಕಾರಿಯ ಸಹಿಯೂ ಸಂಸ್ಥೆಯ ಮುಖ್ಯಸ್ಥರ ಸಹಿಯೂ ಬೇಕು. ಅನುದಾನಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಬಂದಿದ್ದರೆ ಅದನ್ನು ಭಾರತದ ಸಂಚಿತ ನಿಧಿಗೆ ಹಿಂತಿರುಗಿಸಬೇಕು. ಮಾರ್ಚ್ 31 ಹತ್ತಿರ ಬಂದಂತೆ ವಿಭಾಗದಲ್ಲಿ ಪ್ರಯೋಗ ನಿಂತು ಬಿಲ್ಲುಗಳ ಕೆಲಸ ಶುರುವಾಗುತ್ತದೆ. ‘ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ’ ಎಂಬ ಗಾದೆಯ ಎರಡನೆಯ ಅರ್ಧವನ್ನು ಆ ತಿಂಗಳಲ್ಲಿ ಯಾರೂ ನೆನೆಯುವುದಿಲ್ಲ.

ಸಣ್ಣದಾಗಿ ಕಾಣುವ ಇಂಥ ಆದೇಶಗಳೇ ನಿಜವಾದ ವಿಜ್ಞಾನ ನೀತಿ ಎಂದರೆ ಅತಿಶಯೋಕ್ತಿಯಲ್ಲ. ಕಿರಿಯ ಸಂಶೋಧಕರ ಮಾಸಿಕ ಫೆಲೋಶಿಪ್ 31,000 ರೂ.ನಿಂದ 37,000 ರೂ.ಗೆ ಏರಿದ್ದು 2023ರ ಜನವರಿ 1ರಿಂದ ಅನ್ವಯವಾಗುವಂತೆ ಡಿಎಸ್‌ಟಿ ಹೊರಡಿಸಿದ ಒಂದು ಜ್ಞಾಪನದಿಂದ. ಪ್ರತಿಭಾವಂತ ಹುಡುಗಿಯೊಬ್ಬಳು ಪಿಎಚ್‌ಡಿಗೆ ಸೇರಬೇಕೋ ಐಟಿ ಕಂಪನಿಗೆ ಹೋಗಬೇಕೋ ಎಂದು ಮನೆಯಲ್ಲಿ ಚರ್ಚೆಯಾದಾಗ ಲೆಕ್ಕಕ್ಕೆ ಬರುವುದು ಈ ಅಂಕಿ, ನೀತಿಯ ಮುನ್ನುಡಿಯಲ್ಲ. ಈ ಮೊತ್ತವೂ ತಿಂಗಳುಗಟ್ಟಲೆ ತಡವಾಗುತ್ತದೆ ಎಂದು ಸಂಶೋಧನಾ ವಿದ್ಯಾರ್ಥಿಗಳು ಹಲವು ಬಾರಿ ಬಹಿರಂಗವಾಗಿ ದೂರಿದ್ದಾರೆ. ಖರೀದಿಯ ಕಥೆಯೂ ಹೀಗೆಯೇ. ಸರ್ಕಾರಿ ಆನ್‌ಲೈನ್ ಮಾರುಕಟ್ಟೆಯ ಮೂಲಕವೇ ಕೊಳ್ಳಬೇಕೆಂಬ ನಿಯಮದಿಂದ ಕಿಣ್ವ, ಲೇಸರ್‌ನಂಥ ಸೂಕ್ಷ್ಮ ಸಾಮಗ್ರಿ ತರಿಸುವವರು ರೋಸಿಹೋಗಿದ್ದರು. 2025ರ ಜೂನ್‌ನಲ್ಲಿ ಹಣಕಾಸು ಸಚಿವಾಲಯ ಅದನ್ನು ಸಡಿಲಿಸಿತು: ದರಪಟ್ಟಿ ಕೇಳದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷ ರೂ.ಗೆ ಏರಿತು, 200 ಕೋಟಿ ರೂ.ವರೆಗಿನ ಜಾಗತಿಕ ಟೆಂಡರಿಗೆ ಒಪ್ಪಿಗೆ ಕೊಡುವ ಅಧಿಕಾರ ಸಂಸ್ಥೆಯ ನಿರ್ದೇಶಕರಿಗೇ ಬಂತು. ಆದೇಶ ಯಾರದೆಂಬುದನ್ನು ಗಮನಿಸಿ. ಇದೂ ವಿಜ್ಞಾನ ಸಚಿವಾಲಯದ್ದಲ್ಲ.

ಮಂಡಳಿಯಿಂದ ಪ್ರತಿಷ್ಠಾನಕ್ಕೆ

ಅನುದಾನ ಹಂಚುವ ಕೆಲಸ 1974ರಿಂದ ಇಲಾಖೆಯೊಳಗಿನ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ ಕೈಯಲ್ಲಿತ್ತು. 2008ರ ಕಾಯ್ದೆ ಅದಕ್ಕೆ ಶಾಸನಬದ್ಧ ಸ್ಥಾನ ಕೊಟ್ಟು ಎಸ್‌ಇಆರ್‌ಬಿ ಮಾಡಿತು. 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆಯನ್ನು ಅಂಗೀಕರಿಸಿತು. 2024ರ ಫೆಬ್ರುವರಿ 5ರಿಂದ ಅದು ಜಾರಿಗೆ ಬಂದು ಎಸ್‌ಇಆರ್‌ಬಿ ಅದರಲ್ಲಿ ಲೀನವಾಯಿತು. ಪ್ರಧಾನಿ ಆಡಳಿತ ಮಂಡಳಿಯ ಅಧ್ಯಕ್ಷರು, ವಿಜ್ಞಾನ ಮತ್ತು ಶಿಕ್ಷಣ ಸಚಿವರು ಉಪಾಧ್ಯಕ್ಷರು, ಕಾರ್ಯಕಾರಿ ಮಂಡಳಿಗೆ ಪ್ರಧಾನ ವೈಜ್ಞಾನಿಕ ಸಲಹೆಗಾರರು ಅಧ್ಯಕ್ಷರು. ಐದು ವರ್ಷಗಳಲ್ಲಿ 50,000 ಕೋಟಿ ರೂ. ಎಂಬುದು ಘೋಷಣೆ, ಅದರಲ್ಲಿ ಸರ್ಕಾರದ್ದು 14,000 ಕೋಟಿ, ಮಿಕ್ಕ 36,000 ಕೋಟಿ ಉದ್ಯಮ, ದಾನಿಗಳು ಮೊದಲಾದ ಹೊರ ಮೂಲಗಳಿಂದ ಬರಬೇಕು. ಬರುತ್ತದೆಂಬ ಭರವಸೆಯ ಮೇಲೆ ಇಷ್ಟು ದೊಡ್ಡ ಕಟ್ಟಡ ಏರಿಸಿದ್ದು ಧೈರ್ಯವೇ ಸರಿ.

ಖಾಸಗಿ ಸಂಶೋಧನೆಗೆ ನೀರೆರೆಯುವ ಯತ್ನ ಹೊಸದೇನಲ್ಲ. ಆಮದು ತಂತ್ರಜ್ಞಾನದ ಮೇಲಿನ ಸೆಸ್‌ನ ಆಧಾರದಲ್ಲಿ 1996ರಲ್ಲಿ ತಂತ್ರಜ್ಞಾನ ಅಭಿವೃದ್ಧಿ ಮಂಡಳಿ ರಚನೆಯಾಗಿತ್ತು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ತಯಾರಿಸಿದ ಹೆಪಟೈಟಿಸ್-ಬಿ ಲಸಿಕೆಗೆ ಈ ಮಂಡಳಿಯ ಸಾಲ ನೆರವಾಯಿತು. ಲಸಿಕೆಯ ಬೆಲೆ ಇಳಿಯಿತು. 2017ರಲ್ಲಿ ಆ ಸೆಸ್ ರದ್ದಾಯಿತು. ಈಗಿನ ಪ್ರಯತ್ನದ ಅಳತೆಯೇ ಬೇರೆ. 2025ರ ಜುಲೈ 1ರಂದು ಸಂಪುಟ 1 ಲಕ್ಷ ಕೋಟಿ ರೂ.ಗಳ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ನಿಧಿಗೆ ಒಪ್ಪಿತು. ಪ್ರಯೋಗಾಲಯದ ಮೊದಲ ಹಂತಗಳನ್ನು ದಾಟಿದ ತಂತ್ರಜ್ಞಾನಗಳಿಗೆ ಕಡಿಮೆ ಬಡ್ಡಿಯ ಅಥವಾ ಬಡ್ಡಿರಹಿತ ದೀರ್ಘಾವಧಿ ಸಾಲ, ಷೇರು ಬಂಡವಾಳ ಇದರಿಂದ ಸಿಗಬೇಕು. 2025–26ರ ಮುಂಗಡಪತ್ರದಲ್ಲಿ ಡಿಎಸ್‌ಟಿ ಪಾಲು 28,000 ಕೋಟಿ ರೂ. ದಾಟಿದ್ದನ್ನು ಕಂಡು ಹಿಗ್ಗಿದವರು, ಅದರಲ್ಲಿ 20,000 ಕೋಟಿ ಈ ನಿಧಿಯದೇ ಎಂಬುದನ್ನು ನೋಡಬೇಕು. ಅದನ್ನು ಕಳೆದರೆ ಉಳಿಯುವುದು ಹಿಂದಿನ ವರ್ಷದಷ್ಟೇ ಅನ್ನಬಹುದಾದ ಮೊತ್ತ.

ಮಿಷನ್‌ಗಳ ವಿಚಾರ ಚಿಕ್ಕದಾಗಿ ಹೇಳಬಹುದು. ಸಂಶೋಧಕ ಕೇಳಿದ್ದಕ್ಕೆ ಹಣ ಕೊಡುವ ಬದಲು ಸರ್ಕಾರವೇ ಗುರಿ ಇಟ್ಟು ತಂಡ ಕಟ್ಟುವ ಕ್ರಮ ಇದು. 2007ರ ನ್ಯಾನೊ ಮಿಷನ್ ದೇಶದಲ್ಲಿ ಒಂದು ತಲೆಮಾರಿನ ಪದಾರ್ಥ ವಿಜ್ಞಾನಿಗಳನ್ನು ಬೆಳೆಸಿತು. 2023ರ ಏಪ್ರಿಲ್‌ನಲ್ಲಿ ಮಂಜೂರಾದ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 2031ರವರೆಗೆ 6,003.65 ಕೋಟಿ ರೂ. ಗೊತ್ತುಮಾಡಿದ್ದಾರೆ, ಅದರ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಂ ಗಣನೆಯದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ಬದನೆಕಾಯಿಯ ಪಾಠ

ಸಚಿವಾಲಯದ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬುದಕ್ಕೆ ಕುಲಾಂತರಿ ಬೆಳೆಯಾದ ಬಿಟಿ ಬದನೆಯ ಪ್ರಕರಣ ಒಳ್ಳೆಯ ನಿದರ್ಶನ. ಕುಲಾಂತರಿ ಸಂಶೋಧನೆಗೆ ಹಣ ಕೊಡುವುದೂ ಪ್ರಯೋಗ ಹಂತದ ಸುರಕ್ಷತೆಯನ್ನು ನೋಡುವ ಸಮಿತಿಯನ್ನು ನಡೆಸುವುದೂ ಜೈವಿಕ ತಂತ್ರಜ್ಞಾನ ಇಲಾಖೆಯೇ. ಆದರೆ ಹೊಲಕ್ಕೆ ಬಿಡುವ ಅಂತಿಮ ತೀರ್ಮಾನ ಪರಿಸರ ಸಚಿವಾಲಯದ್ದು. 2009ರ ಅಕ್ಟೋಬರ್‌ನಲ್ಲಿ ಅಲ್ಲಿನ ತಜ್ಞ ಸಮಿತಿ ಬಿಟಿ ಬದನೆಗೆ ಒಪ್ಪಿತು. ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು, ಕೊನೆಯದು ಬೆಂಗಳೂರಿನಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸಂಶೋಧನೆಯಲ್ಲಿ ಪಾಲುದಾರನಾಗಿದ್ದುದರಿಂದ, ನಮ್ಮ ಮಟ್ಟುಗುಳ್ಳ ಬದನೆಯ ಗತಿಯೇನು ಎಂದು ಉಡುಪಿ ಕಡೆಯವರು ದನಿಯೆತ್ತಿದರು. 2010ರ ಫೆಬ್ರುವರಿ 9ರಂದು ತಡೆ ಬಿತ್ತು. ವಿಜ್ಞಾನಿಗಳಲ್ಲೇ ಒಮ್ಮತವಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಜೀನ್ ತಿದ್ದುವ ತಂತ್ರದ ಕೆಲವು ಬಗೆಯ ಸಸಿಗಳನ್ನು ಕುಲಾಂತರಿಗಳ ಬಿಗಿ ನಿಯಮದಿಂದ 2022ರಲ್ಲಿ ಹೊರಗಿಟ್ಟ ಮೇಲೆ ದಾರಿ ಸ್ವಲ್ಪ ತೆರೆಯಿತು. 2025ರ ಮೇ ತಿಂಗಳಲ್ಲಿ ಜೀನ್ ತಿದ್ದಿದ ಎರಡು ಭತ್ತದ ತಳಿಗಳು ಬಿಡುಗಡೆಯಾದವು. ಅವನ್ನು ತಂದಿದ್ದು ಕೃಷಿ ಸಂಶೋಧನಾ ಮಂಡಳಿ.

ರಾಜ್ಯಗಳು ಮತ್ತು ಕರ್ನಾಟಕ

ಪ್ರತಿ ರಾಜ್ಯಕ್ಕೂ ಒಂದು ವಿಜ್ಞಾನ ಮಂಡಳಿ ಇರಲಿ ಎಂಬ ಆಲೋಚನೆ 1970ರ ದಶಕದ್ದು. ಅದನ್ನು ಮೊದಲು ಕಾರ್ಯರೂಪಕ್ಕೆ ತಂದದ್ದು ಕರ್ನಾಟಕ. 1975ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಕಚೇರಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇದೆ. ಅದೇ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ, ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಹಳ್ಳಿಗಳ ಇಂಧನದ ಲೆಕ್ಕ ಹಾಕುತ್ತ, ಕಡಿಮೆ ಸೌದೆಯ ಅಸ್ತ್ರ ಒಲೆಯನ್ನು ರೂಪಿಸಿತು. ಮನೆಯ ಚಾವಣಿಯ ಮಳೆನೀರು ಕೊಯ್ಲಿನ ವಿನ್ಯಾಸಗಳನ್ನು ಮಂಡಳಿ ಜನರ ಬಳಿಗೆ ಒಯ್ದಿತು. 2009ರಲ್ಲಿ ಬೆಂಗಳೂರಿನಲ್ಲಿ ಅದು ಕಡ್ಡಾಯವಾಯಿತು. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಮಂಡಳಿ ಕೊಡುವ ಸಣ್ಣ ನೆರವು ರಾಜ್ಯದ ಮೂಲೆಮೂಲೆಯ ಕಾಲೇಜುಗಳನ್ನೂ ಮುಟ್ಟಿದೆ.

ಸಚಿವಾಲಯದ ಸಂಸ್ಥೆಗಳ ದೃಷ್ಟಿಯಿಂದ ಬೆಂಗಳೂರು ದೆಹಲಿಗೆ ಸಾಟಿ. ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾಲಯ ಅವರ ನಿಧನಾನಂತರ, 1972ರಲ್ಲಿ, ಡಿಎಸ್‌ಟಿ ನೆರವಿನ ಸಂಸ್ಥೆಯಾಯಿತು. ಬದುಕಿದ್ದಾಗ ಸರ್ಕಾರದ ಹಣವೆಂದರೆ ದೂರ ಸರಿಯುತ್ತಿದ್ದವರು ಅವರು. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, 1989ರ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರ ಇವೂ ಡಿಎಸ್‌ಟಿಯವೇ. ಸಿಎಸ್‌ಐಆರ್ ಕಡೆಯಿಂದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. 1950ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಬಾಗಿಲು ತೆರೆದ ಅದು ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ಅಮುಲ್‌ಗೆ ಕೊಟ್ಟಿತು. ಶಾಲೆಗಳ ಮಟ್ಟದಲ್ಲಿ, 1993ರಿಂದ ನಡೆದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನು ನಮ್ಮಲ್ಲಿ ಹಳ್ಳಿ ಶಾಲೆಗಳವರೆಗೆ ಕನ್ನಡದಲ್ಲೇ ಒಯ್ದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು.

ಸಾಧನೆಯ ಲೆಕ್ಕ

ಸಂಶೋಧನೆಗೆ ದೇಶ ಎಷ್ಟು ಖರ್ಚು ಮಾಡಿತು ಎಂಬ ಲೆಕ್ಕ ಇಡುವುದೂ ಡಿಎಸ್‌ಟಿಯೇ. ಅದರ ಪ್ರಕಾರ 2020–21ರಲ್ಲಿ ಒಟ್ಟು ವೆಚ್ಚ ಸುಮಾರು 1.27 ಲಕ್ಷ ಕೋಟಿ ರೂ., ಜಿಡಿಪಿಯ ಶೇ. 0.64. ಖಾಸಗಿ ಉದ್ಯಮಗಳ ಪಾಲು ಶೇ. 36ರಷ್ಟು, ರಾಜ್ಯ ಸರ್ಕಾರಗಳೆಲ್ಲ ಸೇರಿ ಶೇ. 7ಕ್ಕಿಂತ ಕಡಿಮೆ. ದಕ್ಷಿಣ ಕೊರಿಯಾ 1967ರಲ್ಲಿ ವಿಜ್ಞಾನ ಸಚಿವಾಲಯ ತೆರೆದ ದೇಶ, ಅಂದರೆ ನಮ್ಮ ಡಿಎಸ್‌ಟಿಗಿಂತ ನಾಲ್ಕು ವರ್ಷ ಮೊದಲು. ಅದರ ವೆಚ್ಚ ಈಗ ಜಿಡಿಪಿಯ ಶೇ. 5ರ ಆಸುಪಾಸಿನಲ್ಲಿದೆ, ಅದರ ಬಹುಭಾಗ ಕಂಪನಿಗಳದು. ಅಮೆರಿಕದಲ್ಲಿ ವಿಜ್ಞಾನಕ್ಕೆಂದು ಸಚಿವಾಲಯವೇ ಇಲ್ಲ. ಸಚಿವಾಲಯ ಇರುವುದರಿಂದ ಹಣ ತಾನಾಗಿ ಬರುವುದಿಲ್ಲ. ಹಣ ತರಬೇಕಾದವರು ಹಣಕಾಸು ಸಚಿವಾಲಯ, ರಾಜ್ಯಗಳು ಮತ್ತು ಉದ್ಯಮಿಗಳು, ಇವರಾರಿಗೂ ವಿಜ್ಞಾನ ಸಚಿವಾಲಯ ಆಜ್ಞೆ ಮಾಡಲಾರದು. 2003ರ ನೀತಿ ಶೇ. 2ಕ್ಕೆ ಕೊಟ್ಟಿದ್ದ ಗಡುವು ನಾಲ್ಕು ವರ್ಷ. ಅದಾದ ಮೇಲೆ ಒಂದು ವರ್ಷವೂ ಈ ವೆಚ್ಚ ಶೇ. 1 ಮುಟ್ಟಿಲ್ಲ.